ಮೂವತ್ತನಾಲ್ಕನೇ ಬಾಕ್ಸ್

"ಇದು ಒಲೆ ಬಾಯಿಗೆ ಸರಿಯಾಗಿ ಹಿಡಿಸುತ್ತೆ ನೋಡು" ಎಂದಳು ಅಜ್ಜಿ.

ಅಜ್ಜಿಯ ಕೈಯಲ್ಲಿದ್ದದ್ದು ವಿಮಾನದ ರೆಕ್ಕೆಯ ಒಂದು ಪಕ್ಕೆಲುಬು. ಆಂಜಿ ರೇಷ್ಮೆ ಹುಳುಮನೆಯ ಆ ತುದಿಯಿಂದ ಓಡಿಬಂದು ಅದನ್ನು ಕಿತ್ತುಕೊಂಡಳು. ತೆಳ್ಳನೆಯ ಮರದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಬಾಗಿಸಿ, ಅಂಟು ಹಚ್ಚಿ, ಅಮ್ಮನ ಬಟ್ಟೆ ಕ್ಲಿಪ್‌ಗಳನ್ನೆಲ್ಲ ಕಚ್ಚಿಸಿ ಅವಳೇ ಮಾಡಿದ ಪಕ್ಕೆಲುಬು ಅದು. ಆ ವಾರ ಕ್ಲಿಪ್ಪಿಲ್ಲದೆ ಒಣಹಾಕಿದ ಬಟ್ಟೆಗಳು ಹಾರಿಹೋಗಿ ಪಕ್ಕದವರ ಮಾವಿನ ಮರ ಸೇರಿದ್ದವು.

"ಅಜ್ಜಿ, ಇದು ಸೌದೆ ಅಲ್ಲ. ಎಷ್ಟು ಸಲ ಹೇಳ್ಬೇಕು ನಿನಗೆ?"

"ಸೌದೆ ಅಂತ ನಾನೆಲ್ಲಿ ಅಂದೆ? ಹಿಡಿಸುತ್ತೆ ಅಂದೆ, ಅಷ್ಟೆ" ಎಂದು ಅಜ್ಜಿ ಇನ್ನೊಂದನ್ನು ಎತ್ತಿ ನೋಡಿದಳು.

ಅಜ್ಜಿಯ ಹೆಸರು ಶಾಮಲಮ್ಮ. ಅವಳ ಲೆಕ್ಕದಲ್ಲಿ ಮರಗಳಲ್ಲಿ ಇರುವುದು ಎರಡೇ ಜಾತಿ: ಚೆನ್ನಾಗಿ ಉರಿಯುವುದು ಮತ್ತು ಬರೀ ಹೊಗೆ ಬಿಡುವುದು. ಮಗನ ವಿಮಾನ ಮೊದಲನೇ ಜಾತಿಯದ್ದೆಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಪೈನ್ ಮರ, ಚೆನ್ನಾಗಿ ಒಣಗಿದ್ದು, ಸಣ್ಣಗೆ ಸೀಳಿದ್ದು ಬೇರೆ. ಬಚ್ಚಲ ಒಲೆಗೆ ಇನ್ನೇನು ಬೇಕು?

ಭಾನುವಾರ ಬಂತೆಂದರೆ ಆಂಜಿಗೆ ಎಣ್ಣೆಸ್ನಾನ. ಹಂಡೆಯ ನೀರು ಕೊತಕೊತ ಅನ್ನಬೇಕು, ಆಂಜಿಯ ಮೈ ಕೆಂಪಗಾಗಬೇಕು, ಆಮೇಲೇ ಅಜ್ಜಿಗೆ ಸಮಾಧಾನ. ಅದನ್ನಾದರೂ ಆಂಜಿ ಸಹಿಸಿಕೊಳ್ಳುತ್ತಿದ್ದಳು. ಸಹಿಸಲು ಆಗದೆ ಇದ್ದದ್ದು ಕೊನೆಯ ಚೊಂಬು. "ಆಯ್ತು, ಏಳು" ಎನ್ನುತ್ತಾಳೆ ಅಜ್ಜಿ. ಆಂಜಿ ಕಣ್ಣು ಬಿಟ್ಟು ಟವಲಿಗೆ ಕೈಚಾಚುತ್ತಾಳೆ. ಆಗ ದಬಕ್ ಅಂತ ಇನ್ನೊಂದು ಚೊಂಬು ನೀರು ತಲೆ ಮೇಲೆ ಬೀಳುತ್ತದೆ. ಕಣ್ಣು, ಮೂಗು, ಬಾಯಿ ಎಲ್ಲದರಲ್ಲೂ ನೀರು. ಯಾಕೆ ಎಂದು ಕೇಳಿದರೆ, "ಅದು ಕೊಸರು ಕಣೇ" ಎಂದು ಅಜ್ಜಿ ಚೊಂಬು ಬೋರಲು ಹಾಕುತ್ತಾಳೆ.

ಈಗ ವಿಮಾನದ ವಿಷಯ. ಅದು ಆಂಜಿಯ ಚಿಕ್ಕಪ್ಪ ಕಾಂತರಾಜನದ್ದು. ವೇಮಗಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಯಲ್ದೂರಿನ ಹತ್ತಿರದ ತಮ್ಮೂರಿನಿಂದ ದಿನಾ ಅಷ್ಟು ದೂರ ಹೋಗಿಬಂದು, ಉಳಿದ ಹೊತ್ತನ್ನೆಲ್ಲ ಅವನು ಹುಳುಮನೆಯಲ್ಲೇ ಕಳೆಯುತ್ತಿದ್ದ. ಮನೆಯವರು ರೇಷ್ಮೆ ಹುಳು ಸಾಕುವುದನ್ನು ಬಿಟ್ಟಿದ್ದರಿಂದ ಆ ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಅಲ್ಲಿ ಈಗ ಹುಳುಗಳ ಬದಲು ಒಂದು ರೆಕ್ಕೆ ಬೆಳೆಯುತ್ತಿತ್ತು.

ಚಿಕ್ಕಪ್ಪನಿಗೆ ದೊಡ್ಡ ವಿಮಾನದ ಆಸೆ ಇರಲಿಲ್ಲ. ಒಂದೇ ಸೀಟು, ಪೂರ್ತಿ ಮರದ್ದು. ಗರಗಸ, ಉಜ್ಜುಗೊರಡು, ಅಂಟು ಇರುವ ಯಾರು ಬೇಕಾದರೂ ತಮ್ಮ ಮನೆಯ ಹಿತ್ತಲಲ್ಲಿ ತಾವೇ ಮಾಡಿಕೊಳ್ಳುವಂಥ ವಿಮಾನ. ಅದರ ಡಿಸೈನ್ ಮುಗಿಸಿ, ಡ್ರಾಯಿಂಗನ್ನು ಕೇಳಿದವರಿಗೆಲ್ಲ ಕೊಡಬೇಕು ಎಂದು ಅವನು ಹೇಳುತ್ತಿದ್ದ. ಫ್ಯಾಕ್ಟರಿಗೆ ಮಷಿನ್‌ಗಳು ಬರುವ ದೊಡ್ಡ ಮರದ ಪೆಟ್ಟಿಗೆಗಳನ್ನು ಕೇಳಿ ತಂದು, ಗಂಟಿಲ್ಲದ ನೇರ ಹಲಗೆಗಳನ್ನಷ್ಟೇ ಆರಿಸಿ ಇಟ್ಟುಕೊಂಡಿದ್ದ. ಇಂಜಿನ್ ಇನ್ನೂ ಬಂದಿರಲಿಲ್ಲ, ಅದರ ಫೋಟೋ ಬಂದಿತ್ತು. ಹಾರಿಸಲು ದೆಹಲಿಯಿಂದ ಪರ್ಮಿಷನ್ ಬೇಕಿತ್ತು, ಅದರದ್ದು ಫೋಟೋ ಕೂಡ ಬಂದಿರಲಿಲ್ಲ.

ರೆಕ್ಕೆಯ ಪಕ್ಕೆಲುಬುಗಳನ್ನೆಲ್ಲ ಮಾಡುವ ಕೆಲಸವನ್ನು ಚಿಕ್ಕಪ್ಪ ಆಂಜಿಗೇ ವಹಿಸಿದ್ದ. ಡ್ರಾಯಿಂಗ್ ಕೈಗೆ ಕೊಟ್ಟು, ಒಂದು ಮಾತೂ ಹೇಳಿಕೊಡದೆ, ಪಕ್ಕದಲ್ಲಿ ಸುಮ್ಮನೆ ಕೂತಿದ್ದ.

"ಐದನೇ ಕ್ಲಾಸ್ ಹುಡುಗಿಗೆ ಅರ್ಥ ಆದ್ರೆ ಯಾರಿಗೆ ಬೇಕಾದ್ರೂ ಅರ್ಥ ಆಗುತ್ತೆ. ನೀನು ಮಾಡಿದ್ದು ತಡ್ಕೊಂಡ್ರೆ ಯಾರು ಮಾಡಿದ್ದಾದ್ರೂ ತಡ್ಕೊಳುತ್ತೆ" ಎಂದಿದ್ದ.

ಆಂಜಿಗೆ ಮೊದಲು ಬಹಳ ಖುಷಿಯಾಯಿತು. ರಾತ್ರಿ ಊಟಕ್ಕೆ ಕೂತಾಗ ಮತ್ತೆ ಯೋಚಿಸಿದಳು. ಅದು ಹೊಗಳಿಕೆಯೋ ಅಲ್ಲವೋ ಎಂದು ಅವಳಿಗೆ ಗೊತ್ತಾಗಲಿಲ್ಲ.

ವಿಮಾನ ಒಬ್ಬನದ್ದಾದರೂ ಸಲಹೆ ಮನೆತುಂಬ ಇತ್ತು. ತಾತ ಶ್ರೀರಾಮಪ್ಪ ಬಂದು, ಹೇಗೂ ಕೋಲಾರದ ಕಡೆ ಹಾರುತ್ತದಲ್ಲ, ಟೊಮೆಟೊ ಬಾಕ್ಸ್ ನೇತುಹಾಕಲು ಎರಡು ಕೊಕ್ಕೆ ಇಡು ಎಂದ. ಅಮ್ಮ ಟಿಫನ್ ಕ್ಯಾರಿಯರಿಗೆ ಒಂದು ಗೂಡು ಬೇಕೆಂದಳು. ರೆಕ್ಕೆಯ ಉದ್ದನೆಯ ತೊಲೆಯನ್ನು ಉಜ್ಜಿಕೊಟ್ಟ ಬಡಗಿ ಗಂಗುಲಪ್ಪ, ಮುಂಭಾಗ ಬೋಳಾಗಿ ಕಾಣುತ್ತಿದೆ, ಬಾಗಿಲುವಾಡಕ್ಕೆ ಕೆತ್ತುವ ಹಾಗೆ ಎರಡು ಗಿಳಿ ಕೆತ್ತುತ್ತೇನೆ ಎಂದು ಉಳಿ ತೆಗೆದುಕೊಂಡೇ ಬಂದ. ಅಜ್ಜಿಯದ್ದು ಎಲ್ಲಕ್ಕಿಂತ ದೊಡ್ಡ ತಕರಾರು. ಸೀಟು ಒಂದೇ ಯಾಕೆ? ಒಳ್ಳೆ ಕೆಲಸಕ್ಕೆ ಹೊರಟವರು ಒಂಟಿಯಾಗಿ ಹೋಗಬಾರದು, ಮೂವರೂ ಹೋಗಬಾರದು. ಇಬ್ಬರು ಹೋಗಬೇಕು. ಅಂದ ಮೇಲೆ ಇನ್ನೊಂದು ಸೀಟು ಹಾಕು, ಅದಕ್ಕೆ ಬೇಕಾದವಳನ್ನು ನಾನು ಹುಡುಕುತ್ತೇನೆ ಎಂದಳು.

ಎಲ್ಲರಿಗೂ ಚಿಕ್ಕಪ್ಪನದ್ದು ಒಂದೇ ಉತ್ತರ. "ವಿಮಾನಕ್ಕೆ ತೂಕಾನೇ ಶತ್ರು. ಕೊಸರು ಗಿಸರು ಇಲ್ಲಿ ನಡೆಯಲ್ಲ."

ಗಂಗುಲಪ್ಪ ಮಾದರಿಗೆಂದು ಕೆತ್ತಿ ತಂದ ಗಿಳಿಗಳನ್ನು ಅವನು ತೂಕ ಹಾಕಿಯೇ ಬೇಡವೆಂದಿದ್ದ.

ಕೊನೆಗೆ ಅಜ್ಜಿಯ ಸಹನೆ ಮುಗಿಯಿತು. ಭಾನುವಾರ ಹೆಣ್ಣು ನೋಡಲು ಹೋಗೋಣ ಎಂದರೆ ರೆಕ್ಕೆ, ಸೋಮವಾರ ಎಂದರೆ ಫ್ಯಾಕ್ಟರಿ. ಹೀಗಾದರೆ ಹೇಗೆ? ಅಂಗಳದಲ್ಲಿ ಎಲ್ಲರ ಎದುರಿಗೆ ಒಂದು ಮಾತಾಯಿತು. ಬರುವ ಭಾನುವಾರ ಚಿಕ್ಕಪ್ಪ ರೆಕ್ಕೆಯ ಮೇಲೆ ಭಾರ ಹೇರಿ ನೋಡುವವನಿದ್ದ. ರೆಕ್ಕೆ ತಡೆದರೆ ಅಜ್ಜಿ ಇನ್ನು ಬಾಯಿ ಬಿಡುವುದಿಲ್ಲ. ತಡೆಯದೆ ಹೋದರೆ ರೆಕ್ಕೆ, ಡ್ರಾಯಿಂಗು, ಉಳಿದ ಮರ ಎಲ್ಲವೂ ಬಚ್ಚಲ ಒಲೆಗೆ. ಅಲ್ಲಿಗೆ ವಿಮಾನದ ಮಾತು ಮುಗಿಯಿತು, ಭಾನುವಾರಗಳೆಲ್ಲ ಅಜ್ಜಿಯವು.

"ಆಗ್ಲಿ" ಎಂದುಬಿಟ್ಟ ಚಿಕ್ಕಪ್ಪ.

ರೆಕ್ಕೆ ತಡೆಯಬೇಕಾದದ್ದು ಆಂಜಿಯ ಪಕ್ಕೆಲುಬುಗಳಿಂದ. ಅವುಗಳಲ್ಲಿ ಒಂದು ಬಿಟ್ಟುಕೊಂಡರೂ ಚಿಕ್ಕಪ್ಪನ ವಿಮಾನ ಅಜ್ಜಿಯ ಹಂಡೆಯ ಕೆಳಗೆ ಹೋಗುತ್ತದೆ. ಆ ವಾರವೆಲ್ಲ ಸ್ಕೂಲಿನಲ್ಲಿ ಮಿಸ್ ಏನು ಪಾಠ ಮಾಡಿದರೋ ಅವಳಿಗೆ ನೆನಪಿಲ್ಲ. ಕೆಮ್ಮಿನ ಶಬ್ದ ಕೇಳಿದರೂ ಅವಳಿಗೆ ಮರ ಸೀಳಿದ ಹಾಗೆ ಅನ್ನಿಸುತ್ತಿತ್ತು.

ಭಾನುವಾರ ಬಂತು. ಹಾರುವಾಗ ಗಾಳಿ ರೆಕ್ಕೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಪರೀಕ್ಷೆಗೆ ರೆಕ್ಕೆಯನ್ನು ಬೋರಲು ಹಾಕಿ ಮೇಲಿನಿಂದ ಭಾರ ಹೇರಬೇಕು. ಚಿಕ್ಕಪ್ಪ ರೆಕ್ಕೆಯ ಬುಡವನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಬೋಲ್ಟ್ ಹಾಕಿ ಬಿಗಿದ. ಟ್ರೇಲರ್ ಎದ್ದು ನಿಲ್ಲದ ಹಾಗೆ ಅದರ ತುಂಬ ಕಲ್ಲು ತುಂಬಿಸಿದ. ರೆಕ್ಕೆ ಅಂಗಳದ ಮೇಲೆ ಉದ್ದಕ್ಕೆ ಚಾಚಿಕೊಂಡು ನಿಂತಿತು.

ಹೇರಲು ಭಾರ ಬೇಕಲ್ಲ? ಅದಕ್ಕೂ ಮನೆಯಲ್ಲೇ ದಾರಿಯಿತ್ತು. ತಾತ ಬೆಳಿಗ್ಗೆ ಕೀಳಿಸಿದ ಟೊಮೆಟೊ ಬಾಕ್ಸ್‌ಗಳಲ್ಲಿ ತುಂಬಿ, ಸಂಜೆ ಮಂಡಿಗೆ ಹೋಗಲು ಸಿದ್ಧವಾಗಿ, ಅಂಗಳದಂಚಿನ ಮಾವಿನ ಮರದ ನೆರಳಿನಲ್ಲಿ ಕೂತಿತ್ತು. ಟೊಮೆಟೊ ಬಾಕ್ಸ್ ಎಂದರೆ ಹದಿನೈದು ಕೆಜಿ. ಕೋಲಾರ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ಚಿಕ್ಕಪ್ಪ ಬಹಳ ಲೆಕ್ಕದ ಮನುಷ್ಯನಾದ್ದರಿಂದ ಅಷ್ಟಕ್ಕೇ ಬಿಡಲಿಲ್ಲ. ಅಜ್ಜಿ ಹುಣಸೆಹಣ್ಣು ತೂಗುವ ಕೊಕ್ಕೆ ತಕ್ಕಡಿ ತಂದು, ಖಾಲಿ ಬಾಕ್ಸನ್ನೂ ತೂಗಿ, ಎರಡು ಕೆಜಿ ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡ. ತುಂಬಿದ ಬಾಕ್ಸನ್ನು ಮಾತ್ರ ತೂಗಲಿಲ್ಲ. ಗೊತ್ತಿರುವುದನ್ನು ಯಾರಾದರೂ ತೂಗುತ್ತಾರೆಯೇ?

ಡ್ರಾಯಿಂಗಿನ ಮೂಲೆಯಲ್ಲಿ ಎರಡು ಸಂಖ್ಯೆ ಬರೆದಿತ್ತು: ಇಪ್ಪತ್ತನಾಲ್ಕು, ಮೂವತ್ತಾರು. ಎಂಥ ಗಾಳಿಯಲ್ಲಿ ಹಾರಿದರೂ ರೆಕ್ಕೆಯ ಮೇಲೆ ಇಪ್ಪತ್ತನಾಲ್ಕು ಬಾಕ್ಸಿಗಿಂತ ಹೆಚ್ಚು ಭಾರ ಬೀಳುವುದಿಲ್ಲ ಎಂದು ಚಿಕ್ಕಪ್ಪ ಹೇಳಿದ. ಆದರೆ ಮೂವತ್ತಾರನ್ನು ತಡೆಯಬೇಕು.

"ಬೀಳೋದೇ ಇಪ್ಪತ್ನಾಲ್ಕು ಅಂದ್ಮೇಲೆ ಇನ್ನು ಹನ್ನೆರಡು ಯಾಕೆ ಚಿಕ್ಕಪ್ಪ?"

"ಅದು ಸೇಫ್ಟಿ ಫ್ಯಾಕ್ಟರ್."

ಗಣಿತದ ಪೀರಿಯಡ್‌ನಲ್ಲಿ ಆಡಿಸುವ ಹಾಗೆ ಆಂಜಿ ತಲೆ ಆಡಿಸಿದಳು.

ಹತ್ತು ಗಂಟೆ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಕೂರುವವರೆಲ್ಲ ಬಂದು ಅಂಗಳದಲ್ಲಿ ಕೂತಿದ್ದರು. ಯಾವ ಬಸ್ಸಿಗೂ ಹತ್ತದ ಜನ ಅವರು, ವಿಮಾನ ನೋಡಲು ಮಾತ್ರ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಅಜ್ಜಿ ಬಚ್ಚಲ ಬಾಗಿಲ ಹತ್ತಿರ ಜಾಗ ಹಿಡಿದಿದ್ದಳು. ಹಂಡೆಗೆ ಆಗಲೇ ನೀರು ತುಂಬಿಸಿದ್ದಳು, ಒಲೆಗೆ ಮಾತ್ರ ಏನೂ ಹಾಕಿರಲಿಲ್ಲ.

ಚಿಕ್ಕಪ್ಪ ಮತ್ತು ಗಂಗುಲಪ್ಪ ಒಂದೊಂದೇ ಬಾಕ್ಸ್ ಎತ್ತಿ ರೆಕ್ಕೆಯ ಮೇಲೆ ಇಡುತ್ತ ಹೋದರು. ಬುಡದ ಕಡೆ ಎರಡು ಅಂತಸ್ತು, ತುದಿಯ ಕಡೆ ಒಂದು. ಎಣಿಸುವ ಕೆಲಸ ಆಂಜಿಯದ್ದು. ಹತ್ತರವರೆಗೆ ಅವಳ ದನಿ ಮಂಡಿಯಲ್ಲಿ ಹರಾಜು ಕೂಗುವವರ ಹಾಗಿತ್ತು. ಇಪ್ಪತ್ತು ದಾಟಿದ ಮೇಲೆ ರೆಕ್ಕೆಯ ತುದಿ ನಿಧಾನಕ್ಕೆ ಕೆಳಗೆ ಬಾಗತೊಡಗಿತು. ಅವಳ ದನಿಯೂ ಅದರ ಜೊತೆಗೇ ಇಳಿಯಿತು.

ಇಪ್ಪತ್ತನಾಲ್ಕಕ್ಕೆ ಚಿಕ್ಕಪ್ಪ ಬೆವರು ಒರೆಸಿಕೊಂಡು ನಕ್ಕ. ಆಂಜಿಗೆ ನಗು ಬರಲಿಲ್ಲ.

ಮೂವತ್ತಕ್ಕೆ ರೆಕ್ಕೆ ಕಿರ್ ಎಂದಿತು. ಮರ ಮಾತಾಡುವುದು ಸಹಜ ಎಂದ ಗಂಗುಲಪ್ಪ. ಬಸ್ ಸ್ಟ್ಯಾಂಡಿನವರು ತಮ್ಮ ಕುರ್ಚಿಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಆಂಜಿ ಎಣಿಸುತ್ತಿದ್ದದ್ದು ಈಗ ಅವಳಿಗೊಬ್ಬಳಿಗೇ ಕೇಳಿಸುತ್ತಿತ್ತು. ಇನ್ನು ಮೂರೇ ಮೂರು.

ಚಿಕ್ಕಪ್ಪ ಮೂವತ್ತನಾಲ್ಕನೇ ಬಾಕ್ಸನ್ನು ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇಟ್ಟು ಕೈ ತೆಗೆದ.

ಛಟ್.

ರೆಕ್ಕೆ ಮುರಿದು ನೆಲಕ್ಕೆ ಬಿತ್ತು. ಬಾಕ್ಸ್‌ಗಳು ಉರುಳಿದವು. ಟೊಮೆಟೊಗಳು ಅಂಗಳದ ತುಂಬ ಓಡಿ, ಕೋಳಿಗಳನ್ನು ಓಡಿಸಿ, ಬಸ್ ಸ್ಟ್ಯಾಂಡಿನವರ ಕಾಲಡಿಗೆ ನುಗ್ಗಿದವು. ಗೂಟಕ್ಕೆ ಕಟ್ಟಿದ್ದ ಕರು ಮಾತ್ರ ಇದ್ದಲ್ಲೇ ನಿಂತು ತನ್ನ ಪಾಲಿಗೆ ಬಂದದ್ದನ್ನು ತಿನ್ನತೊಡಗಿತು.

ಮೊದಲು ಬಾಯಿ ಬಿಟ್ಟವನು ಗಂಗುಲಪ್ಪ.

"ಮಕ್ಕಳ ಕೈಲಿ ಮಾಡ್ಸಿದ್ರೆ ಇನ್ನೇನಾಗುತ್ತೆ ಕಾಂತರಾಜು. ನಾನಂದಿದ್ದೆ ಆವತ್ತೇ."

ಆಂಜಿ ನೆಲ ನೋಡುತ್ತ ನಿಂತಳು. ಚಿಕ್ಕಪ್ಪ ಅವಳ ಹತ್ತಿರ ಬಂದು ತಲೆ ಮೇಲೆ ಕೈಯಿಟ್ಟ.

"ನೀನು ಮಾಡಿದ್ದು ಸರಿಯಾಗೇ ಇದೆ ಕಣೇ. ನನ್ನ ಡ್ರಾಯಿಂಗೇ ತಪ್ಪು."

ಆಂಜಿ ಅದನ್ನು ನಂಬಲಿಲ್ಲ. ತಪ್ಪು ಮಕ್ಕಳದ್ದಾದಾಗ ಒಳ್ಳೆಯ ದೊಡ್ಡವರು ಹೀಗೇ ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಚಿಕ್ಕಪ್ಪ ಮಾತಿಗೆ ತಪ್ಪುವವನಲ್ಲ. ಜನ ಎದ್ದುಹೋದ ಮೇಲೆ, ಮುರಿದ ರೆಕ್ಕೆಯನ್ನು ತಾನೇ ಎಳೆದುಕೊಂಡು ಬಚ್ಚಲ ಕಡೆ ಹೊರಟ. ಡ್ರಾಯಿಂಗಿನ ಸುರುಳಿ ಕಂಕುಳಲ್ಲಿತ್ತು. ಅಜ್ಜಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಪಂದ್ಯ ಗೆದ್ದವಳ ಮುಖ ಅದಾಗಿರಲಿಲ್ಲ.

ಅಂಗಳದಲ್ಲಿ ಉಳಿದವರು ಆಂಜಿ ಮತ್ತು ತಾತ. ಸಂಜೆಯೊಳಗೆ ಟೊಮೆಟೊ ಮತ್ತೆ ಬಾಕ್ಸ್ ಸೇರಬೇಕಿತ್ತು. ಒಡೆದದ್ದನ್ನು ಬೇರೆ ಮಾಡಿ, ಗಟ್ಟಿಯಾದದ್ದನ್ನು ಒರೆಸಿ, ಇಬ್ಬರೂ ತುಂಬುತ್ತ ಕೂತರು. ಆಂಜಿಯ ಮೂಗು ಸೊರಸೊರ ಎನ್ನುತ್ತಿತ್ತು. ತಾತ ಏನೂ ಕೇಳಲಿಲ್ಲ. ಹಾಗೆ ಕೇಳದೆ ಇರುವುದು ತಾತನಿಗೆ ಚೆನ್ನಾಗಿ ಬರುತ್ತಿತ್ತು.

ಆಂಜಿ ಒಂದು ಬಾಕ್ಸನ್ನು ಅಂಚಿನ ಸಮಕ್ಕೆ ತುಂಬಿ ಪಕ್ಕಕ್ಕೆ ತಳ್ಳಿದಳು. ತಾತ ಅದನ್ನು ತನ್ನ ಕಡೆಗೆ ಎಳೆದುಕೊಂಡು, ಎರಡೂ ಕೈಯಲ್ಲಿ ಬೊಗಸೆ ಬೊಗಸೆ ಟೊಮೆಟೊ ತೆಗೆದು ಮೇಲೆ ಹಾಕಿದ. ಬಾಕ್ಸಿನ ನೆತ್ತಿ ಉಬ್ಬಿ ಬಂತು.

"ಅದು ತುಂಬಿತ್ತು ತಾತ" ಎಂದಳು ಆಂಜಿ.

"ತುಂಬಿತ್ತು. ಇದು ಕೊಸರು."

"ಎಲ್ಲಾ ಬಾಕ್ಸಿಗೂ ಹಾಕ್ತೀಯಾ?"

"ಕೊಸರಿಲ್ದೆ ನಮ್ಮ ತೋಟದ ಬಾಕ್ಸು ಎಂದಾದ್ರೂ ಮಂಡಿಗೆ ಹೋಗಿದ್ದುಂಟಾ?" ಎಂದು ತಾತ ಇನ್ನೂ ನಾಲ್ಕು ಹಣ್ಣು ಆರಿಸಿ ಸಂದಿನಲ್ಲಿ ಕೂರಿಸಿದ. "ಇಲ್ಲಿಂದ ಲಾರಿ ಯಾವೂರಿಗೆ ಹೋಗುತ್ತೋ ಏನೋ. ದಾರೀಲಿ ಒಂದಷ್ಟು ನಜ್ಜುಗುಜ್ಜಾಗ್ತವೆ. ತಗೊಳ್ಳೋನ ಮುಖ ನಾನು ನೋಡಿಲ್ಲ, ನನ್ನ ಮುಖ ಅವನು ನೋಡಿಲ್ಲ. ಹಂಗಂತ ಅವನಿಗೆ ಕಮ್ಮಿ ಆಗ್ಬಾರ್ದಲ್ಲಮ್ಮ."

ಆಂಜಿ ಮೂಗು ಒರೆಸಿಕೊಂಡಳು. ಇನ್ನೊಂದು ಟೊಮೆಟೊ ಎತ್ತಿಕೊಂಡಳು. ಆ ಕೈ ಅರ್ಧದಲ್ಲೇ ನಿಂತಿತು.

"ತಾತ, ಕೊಸರು ಎಷ್ಟು ಕೆಜಿ ಇರುತ್ತೆ?"

ತಾತ ಅವಳನ್ನು ವಿಚಿತ್ರವಾಗಿ ನೋಡಿದ. "ಅಳೆದು ಕೊಟ್ರೆ ಅದನ್ನ ಕೊಸರು ಅಂತಾರೇನೆ?"

ಆಂಜಿ ಎದ್ದು ಓಡಿದಳು. ಕೊಕ್ಕೆ ತಕ್ಕಡಿ ತಂದು ಮಾವಿನ ಮರದ ಕೊಂಬೆಗೆ ನೇತುಹಾಕಿದಳು. ಉರುಳದೆ ಉಳಿದಿದ್ದ ಬಾಕ್ಸ್‌ಗಳು ಕೆಲವು ಇನ್ನೂ ಟ್ರೇಲರಿನ ಹತ್ತಿರ ಹಾಗೇ ಇದ್ದವು. ಅದರಲ್ಲೊಂದನ್ನು ಎತ್ತಿ ಹಿಡಿ ಎಂದು ತಾತನನ್ನು ಕಾಡಿದಳು. ತಾತನಿಗೆ ಇದು ಸ್ವಲ್ಪವೂ ಸರಿಬರಲಿಲ್ಲ. ನಮ್ಮ ವಂಶದಲ್ಲಿ ಕೊಸರು ತೂಗಿದವರಿಲ್ಲ, ನಾಲ್ಕು ಜನ ಕೇಳಿದರೆ ನಗುತ್ತಾರೆ ಎಂದು ಗೊಣಗುತ್ತಲೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದ.

ಮುಳ್ಳು ಇಪ್ಪತ್ತಕ್ಕೆ ಹೋಗಿ ನಿಂತಿತು. ಖಾಲಿ ಬಾಕ್ಸಿನ ಎರಡು ಕಳೆದರೆ ಹದಿನೆಂಟು.

ಇನ್ನೊಂದು ಬಾಕ್ಸ್ ತೂಗಿದರು. ಅದು ಹದಿನೆಂಟಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು. ಮತ್ತೊಂದು ಒಂದಿಷ್ಟು ಕಡಿಮೆ.

ಆಂಜಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಲೆಕ್ಕ ಹಾಕಿದಳು. ಮೂವತ್ತಾರು ಬಾಕ್ಸು ಹದಿನೈದರ ಲೆಕ್ಕದಲ್ಲಿ ಐನೂರ ನಲವತ್ತು ಕೆಜಿ. ರೆಕ್ಕೆ ಮುರಿಯದೆ ತಡೆದದ್ದು ಮೂವತ್ತಮೂರು ಬಾಕ್ಸು. ಅದನ್ನು ಹದಿನೆಂಟರಿಂದ ಗುಣಿಸಬೇಕು. ಹದಿನೆಂಟರ ಮಗ್ಗಿ ಅವಳಿಗೆ ಬರುತ್ತಿರಲಿಲ್ಲ. ಹತ್ತರಿಂದ ಒಂದು ಸಲ, ಎಂಟರಿಂದ ಒಂದು ಸಲ ಗುಣಿಸಿ, ಎರಡನ್ನೂ ಕೂಡಿಸಿದಳು. ಐನೂರ ತೊಂಬತ್ತನಾಲ್ಕು ಬಂತು. ತಪ್ಪಾಗಿರಬೇಕೆಂದು ಅಳಿಸಿ ಮತ್ತೆ ಮಾಡಿದಳು. ಮತ್ತೆ ಅಷ್ಟೇ ಬಂತು.

ಬಚ್ಚಲಿನಲ್ಲಿ ಚಿಕ್ಕಪ್ಪ ಒಲೆಯ ಮುಂದೆ ಕೂತಿದ್ದ. ಮುರಿದ ರೆಕ್ಕೆಯಿಂದ ಉದುರಿದ ಚೂರುಗಳು ಒಲೆಯೊಳಗಿದ್ದವು. ಅವುಗಳ ಮೇಲೆ ಡ್ರಾಯಿಂಗಿನ ಸುರುಳಿ. ಇನ್ನು ಕಡ್ಡಿ ಗೀರುವುದೊಂದೇ ಬಾಕಿ. ಅಜ್ಜಿ ಬೆಂಕಿಪೊಟ್ಟಣ ಹುಡುಕುತ್ತಿದ್ದಳು. ಗೂಡಿನಲ್ಲಿ ನೋಡಿದಳು, ಸೋಪಿನ ಡಬ್ಬದ ಹಿಂದೆ ನೋಡಿದಳು, ಹೊರಗೆ ಹೋಗಿ ಕಿಟಕಿಯ ಮೇಲೆ ನೋಡಿಬಂದಳು. ಈ ಮನೆಯಲ್ಲಿ ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ ಎಂದು ಬೈದಳು. ಬೆಂಕಿಪೊಟ್ಟಣ ಅವಳ ಸೊಂಟದಲ್ಲೇ ಸಿಕ್ಕಿಸಿಕೊಂಡಿತ್ತು. ಅದು ಚಿಕ್ಕಪ್ಪನಿಗೂ ಕಾಣುತ್ತಿತ್ತು.

"ಹಚ್ಬೇಡಿ" ಎಂದಳು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಆಂಜಿ. "ತಾತ ಕೊಸರು ಹಾಕಿದ್ದಾನೆ."

ಚಿಕ್ಕಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಂಜಿ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ, ಮಣ್ಣಿನಲ್ಲಿ ಬರೆದ ಲೆಕ್ಕ ತೋರಿಸಿದಳು. ಅವನು ಅದನ್ನು ಓದಿದ. ತಕ್ಕಡಿ ನೋಡಿದ. ಉಬ್ಬಿದ ಬಾಕ್ಸ್‌ಗಳನ್ನು ನೋಡಿದ. ಹುಟ್ಟಿದಾಗಿನಿಂದ ಕಂಡ ಬಾಕ್ಸ್‌ಗಳನ್ನು ಅವತ್ತೇ ಮೊದಲು ನೋಡಿದವನ ಹಾಗೆ ನೋಡಿದ.

"ಖಾಲಿ ಬಾಕ್ಸ್ ತೂಗ್ದೆ ನಾನು" ಎಂದು ಅವನು ನಿಧಾನವಾಗಿ ಹೇಳಿದ. "ಖಾಲಿ ಬಾಕ್ಸ್ ತೂಗ್ದೆ."

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಇದ್ದ ಬಾಕ್ಸ್‌ಗಳನ್ನೆಲ್ಲ ಒಂದೊಂದಾಗಿ ಕೊಕ್ಕೆಗೆ ಹಾಕಿ ತೂಗಿದ. ತಾತ ಮುಖ ತಿರುಗಿಸಿಕೊಂಡು ಕಟ್ಟೆಯ ಮೇಲೆ ಕೂತ. ಖಾಲಿ ಬಾಕ್ಸಿನ ತೂಕ ಸೇರಿಸಿ ನೋಡಿದರೂ, ಬಿಟ್ಟು ನೋಡಿದರೂ, ರೆಕ್ಕೆ ತಡೆಯಬೇಕಾದದ್ದಕ್ಕಿಂತ ಹೆಚ್ಚೇ ತಡೆದಿತ್ತು. ಒಲೆಯಿಂದ ಡ್ರಾಯಿಂಗ್ ಹೊರಗೆ ಬಂತು. ಚಿಕ್ಕಪ್ಪ ಅದರ ಬೂದಿ ಕೊಡವಿ ಎದೆಗೆ ಅಪ್ಪಿಕೊಂಡದ್ದನ್ನು ನೋಡಿ ಅಜ್ಜಿ, ಹೆಂಡತಿಯನ್ನು ಹಿಡಿದುಕೊಳ್ಳಬೇಕಾದ ವಯಸ್ಸಿನಲ್ಲಿ ಕಾಗದ ಹಿಡಿದುಕೊಂಡಿದ್ದಾನೆ ಎಂದಳು. ಹೇಳಿ, ಸೀರೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಗಂಗುಲಪ್ಪನನ್ನು ಮತ್ತೆ ಕರೆಸಿದರು. ರೆಕ್ಕೆಯನ್ನು ಬಿಚ್ಚಿ ಮುರಿದದ್ದು ಎಲ್ಲಿ ಎಂದು ನೋಡಿದರು. ಮುರಿದದ್ದು ಬುಡದ ಹತ್ತಿರ, ತೊಲೆಯಲ್ಲಿ. ಪಕ್ಕೆಲುಬುಗಳಲ್ಲಿ ಒಂದೂ ಬಿಟ್ಟುಕೊಂಡಿರಲಿಲ್ಲ. ತೊಲೆಯನ್ನು ಉಜ್ಜಿಕೊಟ್ಟವನು ಗಂಗುಲಪ್ಪನೇ ಆದ್ದರಿಂದ ಅವನಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಒಂದು ಪಕ್ಕೆಲುಬನ್ನು ಎತ್ತಿ, ಬಗ್ಗಿಸಿ, ಅಂಟಿನ ಗೆರೆಯ ಮೇಲೆ ಉಗುರು ಎಳೆದು ನೋಡಿದ.

"ಏನಮ್ಮ, ಇದು ಒಣಗೋವಾಗ ಯಾತರಲ್ಲಿ ಬಿಗಿದಿದ್ದೆ?"

"ಬಟ್ಟೆ ಕ್ಲಿಪ್."

ಮನೆಗೆ ಹೋಗುವಾಗ ಗಂಗುಲಪ್ಪ ಆಂಜಿಯ ಅಮ್ಮನ ಹತ್ತಿರ ನಾಲ್ಕು ಬಟ್ಟೆ ಕ್ಲಿಪ್ ಕೇಳಿ ಇಸಕೊಂಡು ಹೋದ. ಆಂಜಿ ಅದನ್ನು ನೋಡಿದಳು. ಅವಳ ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು.

ಅಜ್ಜಿ ಮಾತ್ರ ಸುಲಭಕ್ಕೆ ಸೋಲುವವಳಲ್ಲ. ರೆಕ್ಕೆ ಲೆಕ್ಕಕ್ಕೆ ತಡೆಯಿತು, ಒಪ್ಪಿದೆ. ಆದರೆ ಮುರಿದ ತೊಲೆ ಹೇಗೂ ಮುರಿದಿದೆ, ಅದು ಒಲೆಗೇ. ಅದರ ಮೇಲೆ ಒಂದು ಭಾನುವಾರ ತನಗೆ ಬೇಕು, ಶ್ರೀನಿವಾಸಪುರದಲ್ಲಿ ಹುಡುಗಿಯೊಬ್ಬಳಿದ್ದಾಳೆ ಎಂದಳು. ಪಂದ್ಯದಲ್ಲಿ ಆ ಮಾತೇ ಇರಲಿಲ್ಲವಲ್ಲ ಎಂದ ಚಿಕ್ಕಪ್ಪ.

"ಅದು ಕೊಸರು ಕಣೋ" ಎಂದಳು ಅಜ್ಜಿ.

ಇಷ್ಟು ಹೊತ್ತು ಮುಖ ತಿರುಗಿಸಿ ಕೂತಿದ್ದ ತಾತ ಕಟ್ಟೆಯ ಮೇಲೆ ಜೋರಾಗಿ ನಕ್ಕುಬಿಟ್ಟ. ಚಿಕ್ಕಪ್ಪ ಒಪ್ಪಿಕೊಂಡ.

ಸಂಜೆಯಾಗುವ ಮುಂಚೆ ಟೊಮೆಟೊ ಮಂಡಿಗೆ ಹೋಯಿತು, ನೆತ್ತಿ ಉಬ್ಬಿಸಿಕೊಂಡೇ ಹೋಯಿತು. ಆಂಜಿಯ ಎಣ್ಣೆಸ್ನಾನ ಬೆಳಿಗ್ಗೆಯಿಂದ ಬಾಕಿ ಇತ್ತು. ತೊಲೆಯ ಚೂರುಗಳು ಅಜ್ಜಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಉರಿದವು. ನೀರು ಕೊತಕೊತ ಎಂದಿತು.

ಮಣೆಯ ಮೇಲೆ ಕೂತು, ಸೀಗೆಪುಡಿಗೆ ಹೆದರಿ ಕಣ್ಣು ಮುಚ್ಚಿಕೊಂಡು, ಆಂಜಿ ಡ್ರಾಯಿಂಗಿನ ಮೂಲೆಯ ಆ ಎರಡು ಸಂಖ್ಯೆಗಳನ್ನು ನೆನೆದಳು. ಇಪ್ಪತ್ತನಾಲ್ಕು, ಮೂವತ್ತಾರು. ಆ ಡ್ರಾಯಿಂಗ್ ಮುಂದೆ ಯಾವ್ಯಾವ ಊರಿಗೆ ಹೋಗುತ್ತದೋ. ಎಲ್ಲೋ ಒಂದು ಹಿತ್ತಲಲ್ಲಿ ಇನ್ನೊಬ್ಬ ಹುಡುಗಿ ಅದನ್ನು ಹರಡಿಕೊಂಡು ಕೂರಬಹುದು. ಅವಳ ಅಂಟು ಸ್ವಲ್ಪ ತೆಳ್ಳಗಿರಬಹುದು. ಅವರ ಅಮ್ಮನ ಬಟ್ಟೆ ಕ್ಲಿಪ್ಪುಗಳು ಸಡಿಲವಿರಬಹುದು. ಅವಳ ಮುಖವನ್ನು ಚಿಕ್ಕಪ್ಪ ನೋಡಿಲ್ಲ. ಆದರೂ ಅವಳಿಗೆಂದು ಹನ್ನೆರಡು ಬಾಕ್ಸು ಮೊದಲೇ ತೆಗೆದಿಟ್ಟಿದ್ದಾನೆ.

"ಆಯ್ತು, ಏಳು" ಎಂದಳು ಅಜ್ಜಿ.

ಆಂಜಿ ಕಣ್ಣು ಬಿಡಲಿಲ್ಲ, ಟವಲಿಗೆ ಕೈ ಚಾಚಲಿಲ್ಲ. ತಲೆ ಬಗ್ಗಿಸಿಕೊಂಡು ಹಾಗೇ ಕೂತಳು, ಇನ್ನೊಂದು ಚೊಂಬು ಬರಲಿ ಎಂದು.